ಗಾಯಕರನ್ನು ಹೊರದೂಡುವ ವಿನೋದ

ವಾರದ ಕೊನೆಯ ಎರಡು ರಾತ್ರಿಗಳಲ್ಲಿ ಕನ್ನಡನಾಡಿನ ಸುಶಿಕ್ಷಿತ ಕುಟುಂಬಗಳ ನಡುಮನೆಯಲ್ಲಿ ಒಂದು ಬಗೆಯ ಉತ್ಸವವೇ ನಡೆಯುತ್ತದೆ. ಊಟವನ್ನು ಬೇಗ ಮುಗಿಸಿಯೋ, ತಟ್ಟೆಯನ್ನು ಕೈಯಲ್ಲೇ ಹಿಡಿದೋ, ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ದೂರದರ್ಶನದ ಪರದೆಯ ಮುಂದೆ ಕೂಡುತ್ತಾರೆ. ಗಾನಸ್ಪರ್ಧೆ ಆರಂಭವಾಗುತ್ತದೆ. ಹಾಡುಗಳು ನಡೆದಿರುವಷ್ಟು ಹೊತ್ತೂ ಒಬ್ಬರು ನೀರಿಗೆ ಏಳುತ್ತಾರೆ, ಇನ್ನೊಬ್ಬರು ನಾಳಿನ ಅಡುಗೆಯ ಮಾತೆತ್ತುತ್ತಾರೆ, ಮಕ್ಕಳು ತಮ್ಮತಮ್ಮಲ್ಲಿ ಜಗಳವಾಡುತ್ತಾರೆ. ಕಟ್ಟಕಡೆಗೆ ಹಾಡೆಲ್ಲ ಮುಗಿದು, ವೇದಿಕೆಯ ನಡುವೆ ಇಬ್ಬರು ಮೂವರು ಯುವಕ ಯುವತಿಯರನ್ನು ಸಾಲಾಗಿ ನಿಲ್ಲಿಸಿ ದೀಪಗಳನ್ನು ತಗ್ಗಿಸಿದ ಕೂಡಲೆ ಮನೆಯೆಲ್ಲ ನಿಶ್ಶಬ್ದವಾಗುತ್ತದೆ. ಯಾವ ಹಾಡಿಗೂ ದೊರೆಯದಿದ್ದ ನಿಶ್ಶಬ್ದವದು.

ನಿರೂಪಕನು "ಈ ವಾರ ಮನೆಗೆ ಹೋಗುತ್ತಿರುವವರು" ಎಂದು ಹೇಳಿ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾನೆ. ಎದೆಬಡಿತವನ್ನು ಅನುಕರಿಸುವ ವಾದ್ಯವೊಂದು ಹಿಂದಿನಿಂದ ಮೊಳಗುತ್ತದೆ. ಛಾಯಾಯಂತ್ರವು ಒಬ್ಬ ಹುಡುಗಿಯ ಕಣ್ಣನ್ನೂ, ಸಭೆಯಲ್ಲಿ ಕೈಮುಗಿದು ಕುಳಿತ ಅವಳ ತಾಯಿಯ ತುಟಿಯನ್ನೂ ಸಮೀಪದಿಂದ ತೋರಿಸುತ್ತದೆ. ಹೆಸರು ಹೊರಬೀಳುವ ಮೊದಲು ಸಾಬೂನಿನ ಜಾಹೀರಾತು, ಮಸಾಲೆ ಪುಡಿಯ ಜಾಹೀರಾತು, ಚಿನ್ನದಂಗಡಿಯ ಜಾಹೀರಾತು ಒಂದರ ಹಿಂದೊಂದು ಬಂದು ಹೋಗುತ್ತವೆ. ಆ ಹುಡುಗಿ ಅಷ್ಟು ಹೊತ್ತೂ ನಮ್ಮ ಪಾಲಿಗೆ ಅಲ್ಲಿಯೇ ನಿಂತಿರುತ್ತಾಳೆ. ಬಳಿಕ ಹೆಸರು ಬರುತ್ತದೆ, ಅಳು ಬರುತ್ತದೆ, ಆಲಿಂಗನಗಳಾಗುತ್ತವೆ. ಮರುದಿನ ನೆರೆಮನೆಯವರೊಡನೆ ನಡೆಯುವ ಮಾತಿನಲ್ಲಿ ಯಾರು ಹೋದರೆಂಬುದು ಎಲ್ಲರಿಗೂ ನೆನಪಿರುತ್ತದೆ. ಅವಳು ಹಾಡಿದ್ದು ಯಾವ ಹಾಡು, ಅದನ್ನು ಬರೆದ ಕವಿ ಯಾರು, ಸ್ವರ ಎಲ್ಲಿ ಏರಿತು ಎಲ್ಲಿ ಜಾರಿತು ಎಂಬುದನ್ನು ಹೇಳಬಲ್ಲವರು ಹತ್ತರಲ್ಲಿ ಒಬ್ಬರೂ ಸಿಕ್ಕುವುದಿಲ್ಲ.

ಈ ಕ್ರಿಯೆಗೆ 'ಎಲಿಮಿನೇಷನ್' ಎಂಬ ಇಂಗ್ಲಿಷ್ ಹೆಸರೇ ನಮ್ಮಲ್ಲಿ ರೂಢವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದದ ಮೂಲಾರ್ಥ ಹೊಸ್ತಿಲಿಂದಾಚೆಗೆ ದಬ್ಬುವುದು. ಮನೆಗೆ ಬಂದ ಗಾಯಕನಿಗೆ ಕಾಲು ತೊಳೆಯಲು ನೀರು ಕೊಟ್ಟು ಚಾಪೆ ಹಾಸುವ ಸಂಪ್ರದಾಯದ ನಾಡಿನಲ್ಲಿ, ಗಾಯಕರನ್ನು ವಾರಕ್ಕೊಬ್ಬರಂತೆ ಹೊಸ್ತಿಲಾಚೆಗೆ ದಬ್ಬಿ ಅದನ್ನು ನೋಡುತ್ತ ಕೂರುವುದು ಒಂದು ವಿನೋದವಾದುದು ಹೇಗೆ? ಸಂಗೀತಕ್ಕೆ ಇದರಿಂದ ಲಾಭವೋ ಹಾನಿಯೋ? ವಿಚಾರ ಮಾಡಬೇಕಾದ ಕಾಲ ಬಂದಿದೆ.

ಸ್ಪರ್ಧೆಯೆಂಬುದೇ ಕೆಟ್ಟದ್ದೆಂದು ಯಾರೂ ಹೇಳಲಾರರು. ನಮ್ಮ ಅರಸರ ಆಸ್ಥಾನಗಳಲ್ಲಿ ವಿದ್ವಾಂಸರ ನಡುವೆ ಪಂಥಗಳು ನಡೆಯುತ್ತಿದ್ದವು. ಶಾಲೆಗಳಲ್ಲಿ, ನಾಡಹಬ್ಬಗಳಲ್ಲಿ ಹಾಡಿನ ಪಂದ್ಯಗಳು ಇಂದಿಗೂ ನಡೆಯುತ್ತವೆ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಮದರಾಸಿನ ಒಂದು ಗಾನಸ್ಪರ್ಧೆಯಲ್ಲಿ ಹಾಡಿದಾಗಲೇ ಸಂಗೀತ ನಿರ್ದೇಶಕ ಎಸ್. ಪಿ. ಕೋದಂಡಪಾಣಿಯವರ ಕಿವಿಗೆ ಬಿದ್ದು, ೧೯೬೬ರಲ್ಲಿ ತೆಲುಗು ಚಿತ್ರದಲ್ಲಿ ಹಾಡುವ ಮೊದಲ ಅವಕಾಶ ಪಡೆದರು. ೧೯೯೫ರಲ್ಲಿ ಹಿಂದಿಯ ಜೀ ವಾಹಿನಿಯಲ್ಲಿ 'ಸರಿಗಮ' ಪ್ರಾರಂಭವಾದಾಗ ಅಲ್ಲಿಯೂ ಸೋಲು ಗೆಲುವುಗಳಿದ್ದವು. ಆದರೆ ಅಂಕಗಳನ್ನು ಕೊಡುತ್ತಿದ್ದವರು ಸಂಗೀತವನ್ನು ಬಲ್ಲವರು. ಸೋತವನು ಸೋತು ಹೋದನು. ಅವನ ಸೋಲು ಆ ದಿನದ ಮುಖ್ಯ ಪ್ರದರ್ಶನವಾಗಿರಲಿಲ್ಲ.

ಹೊಸ ಪದ್ಧತಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ೨೦೦೧ರಲ್ಲಿ ಅಲ್ಲಿ 'ಪಾಪ್ ಐಡಲ್' ಎಂಬ ಸ್ಪರ್ಧೆ ನಡೆಯಿತು. ಮರುವರ್ಷ ಅದು ಅಮೆರಿಕಕ್ಕೆ ಹೋಯಿತು. ೨೦೦೪ರಲ್ಲಿ 'ಇಂಡಿಯನ್ ಐಡಲ್' ಎಂಬ ಹೆಸರಿನಿಂದ ನಮ್ಮ ದೇಶಕ್ಕೆ ಬಂದಿತು. ಪ್ರೇಕ್ಷಕನು ದೂರವಾಣಿಯಿಂದ ಮತ ಕಳಿಸಬೇಕು. ಮತ ಕಡಿಮೆಯಾದವನು ಹೊರಗೆ ಹೋಗಬೇಕು. ಹೊರಗೆ ಹೋಗುವ ಗಳಿಗೆಯನ್ನು ಸಾಧ್ಯವಾದಷ್ಟು ಉದ್ದಕ್ಕೆ ಎಳೆಯಬೇಕು: ಇದೇ ಅದರ ಸಾರ. ಹಾಡು ಎಂದಿನಂತೆ ಇದ್ದೇ ಇತ್ತು. ಆದರೆ ಪ್ರೇಕ್ಷಕನನ್ನು ಪೀಠಕ್ಕೆ ಅಂಟಿಸಿದ್ದು ಹಾಡಲ್ಲ, ಯಾರು ಬೀಳುವರೆಂಬ ಕಾತರ. ಈ ಕಾತರದ ನಡುವೆ ಮಾರಿದ ಜಾಹೀರಾತಿಗೆ ಬೆಲೆ ಹೆಚ್ಚು. ಕನ್ನಡದ ವಾಹಿನಿಗಳೂ ಈ ಪಾಠವನ್ನು ಬೇಗನೆ ಕಲಿತವು.

ಇದರ ಪರವಾಗಿ ಹೇಳುವವರ ವಾದಗಳು ಮೂರು. ಉತ್ತಮರನ್ನು ಆರಿಸಲು ಇದು ಯೋಗ್ಯವಾದ ಜರಡಿ ಎಂಬುದು ಒಂದು. ತೀರ್ಪು ಜನತೆಯದು, ಆದ್ದರಿಂದ ನ್ಯಾಯವಾದುದು ಎಂಬುದು ಎರಡು. ಹಳ್ಳಿಯ ಬಡ ಗಾಯಕನಿಗೆ ಬೇರೆ ಎಲ್ಲಿಯೂ ದೊರೆಯದ ವೇದಿಕೆ ಇಲ್ಲಿ ದೊರೆಯುತ್ತದೆ ಎಂಬುದು ಮೂರು. ಇವನ್ನು ಒಂದೊಂದಾಗಿ ಪರೀಕ್ಷಿಸುವುದು ಉಚಿತ.

ಮೊದಲನೆಯದು ಜರಡಿಯ ಮಾತು. ಜರಡಿ ಸರಿಯಾಗಿದ್ದರೆ ಕಾಳು ಮೇಲೆ ಉಳಿದು ಮಣ್ಣು ಕೆಳಗೆ ಬೀಳಬೇಕು. ಈ ಜರಡಿಯಲ್ಲಿ ಆದದ್ದೇನು? ೨೦೦೪ರಲ್ಲಿ ಅಮೆರಿಕದ ಸ್ಪರ್ಧೆಯಲ್ಲಿ ಜೆನಿಫರ್ ಹಡ್ಸನ್ ಎಂಬ ಗಾಯಕಿ ಏಳನೆಯ ಸ್ಥಾನದಲ್ಲಿ ಹೊರಬಿದ್ದಳು. ಮೂರೇ ವರ್ಷದಲ್ಲಿ, ೨೦೦೭ರಲ್ಲಿ, ಹಾಡು ಪ್ರಧಾನವಾದ ಚಿತ್ರವೊಂದರ ಪಾತ್ರಕ್ಕಾಗಿಯೇ ಆಕೆಗೆ ಆಸ್ಕರ್ ಪ್ರಶಸ್ತಿ ಬಂದಿತು. ೨೦೦೫ರಲ್ಲಿ ಹಿಂದಿಯ 'ಫೇಮ್ ಗುರುಕುಲ' ಎಂಬ ಸ್ಪರ್ಧೆಯಿಂದ ಮುರ್ಷಿದಾಬಾದಿನ ಒಬ್ಬ ಹುಡುಗನನ್ನು ಪ್ರೇಕ್ಷಕರ ಮತಗಳು ಹೊರಗೆ ಕಳಿಸಿದವು. ಅವನ ಹೆಸರು ಅರಿಜಿತ್ ಸಿಂಗ್. ೨೦೧೩ರಲ್ಲಿ 'ಆಶಿಕಿ ೨' ಚಿತ್ರ ಬಂದ ಮೇಲೆ ಭಾರತದಲ್ಲಿ ಆತನ ಕಂಠವನ್ನು ಕೇಳದ ಮನೆಯಿಲ್ಲವೆಂಬಂತಾಯಿತು. ನೇಹಾ ಕಕ್ಕರ್ 'ಇಂಡಿಯನ್ ಐಡಲ್'ನ ಎರಡನೆಯ ಆವೃತ್ತಿಯಲ್ಲಿ ಹೊರಬಿದ್ದವರು. ೨೦೧೮ರಲ್ಲಿ ಅದೇ ಸ್ಪರ್ಧೆಯ ತೀರ್ಪುಗಾರರ ಪೀಠದಲ್ಲಿ ಬಂದು ಕುಳಿತರು. ಮಣ್ಣೆಂದು ಕೆಳಗೆ ಬಿಟ್ಟದ್ದೇ ಹೀಗೆ ಬೆಳೆಯಾಗಿ ನಿಂತರೆ ಜರಡಿಯ ಕಣ್ಣುಗಳ ವಿಷಯದಲ್ಲಿ ಸಂದೇಹ ಪಡುವುದು ತಪ್ಪಾಗಲಾರದು.

"ಹಾಗಿದ್ದರೆ ಹಾನಿಯೇನು? ಯೋಗ್ಯರು ಹೇಗೂ ಮೇಲೆ ಬಂದರಲ್ಲ!" ಎಂದು ಇದಕ್ಕೆ ಸಮಾಧಾನ ಹೇಳುವವರುಂಟು. ಮೇಲೆ ಬಂದವರ ಹೆಸರುಗಳು ಮಾತ್ರ ಲೋಕಕ್ಕೆ ತಿಳಿಯುತ್ತವೆ. ಊರಿಗೆ ಮರಳಿ, ನೆರೆಹೊರೆಯವರ ಕನಿಕರದ ನೋಟಕ್ಕೆ ನಾಚಿ, ತಂಬೂರಿಯನ್ನು ಅಟ್ಟಕ್ಕೇರಿಸಿದವರ ಲೆಕ್ಕವನ್ನು ಇಟ್ಟವರು ಯಾರು? ಸಾವಿರಾರು ಜನರ ನಡುವಿನಿಂದ ಆಯ್ಕೆಯಾಗಿ ಬಂದ ಇಪ್ಪತ್ತು ವರ್ಷದ ಗಾಯಕನು ವಾಸ್ತವವಾಗಿ ತನ್ನ ಜಿಲ್ಲೆಯಲ್ಲಿ ಅತ್ಯುತ್ತಮರಲ್ಲಿ ಒಬ್ಬ. ಆದರೂ ಅವನು ಜೀವಮಾನವೆಲ್ಲ ಹೊರಬೇಕಾದ ಗುರುತು 'ನಾಲ್ಕನೆಯ ವಾರದಲ್ಲಿ ಹೊರಬಿದ್ದವನು' ಎಂಬುದು.

ಜರಡಿ ತಪ್ಪುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಅದು ಅಳೆಯುವ ವಸ್ತು ಬೇರೆ. ಸ್ಪರ್ಧಿ ಹಾಡುವುದು ಎರಡು ಮೂರು ನಿಮಿಷ. ಅದೂ ಬೇರೊಬ್ಬ ಪ್ರಸಿದ್ಧ ಗಾಯಕನು ಹಾಡಿದ ಗೀತೆ. ಒಂದು ವಾರ ಭಕ್ತಿಗೀತೆ, ಮರುವಾರ ಜಾನಪದ, ಅದರ ಮರುವಾರ ಕುಣಿಯುವ ಹಾಡು. ಅನುಕರಣ ಚಾತುರ್ಯವೂ ಸಭಾಧೈರ್ಯವೂ ಇಲ್ಲಿ ಗೆಲ್ಲುತ್ತವೆ. ಒಂದೇ ಜಾಡಿನಲ್ಲಿ ಆಳಕ್ಕೆ ಇಳಿಯುವ ಸ್ವಭಾವದ ಕಂಠ ಸೋಲುತ್ತದೆ. ಅಷ್ಟೇ ಅಲ್ಲ, ಮನೆಯಲ್ಲಿ ಕುಳಿತವನು ಕೇಳುವ ಸ್ವರವು ಸ್ಪರ್ಧಿಯ ಕೊರಳಿನಿಂದ ಹೊರಟ ಸ್ವರವೇ ಎಂಬುದಕ್ಕೂ ಭರವಸೆಯಿಲ್ಲ. ತಪ್ಪಿದ ಸ್ವರವನ್ನು ತಾನೇ ತಿದ್ದಿ ಸ್ಥಾನಕ್ಕೆ ಕೂಡಿಸುವ ಯಂತ್ರವಿದ್ಯೆ ೧೯೯೭ರಿಂದಲೂ ಬಳಕೆಯಲ್ಲಿದೆ. ೨೦೧೦ರಲ್ಲಿ ಇಂಗ್ಲೆಂಡಿನ 'ಎಕ್ಸ್ ಫ್ಯಾಕ್ಟರ್' ಸ್ಪರ್ಧೆಯಲ್ಲಿ ಅದನ್ನು ಉಪಯೋಗಿಸಿದ್ದನ್ನು ಶ್ರೋತೃಗಳೇ ಕಂಡುಹಿಡಿದು ಆಕ್ಷೇಪಿಸಿದರು. ಧ್ವನಿಯನ್ನು ತಿದ್ದಿದ್ದು ನಿಜವೆಂದು ನಿರ್ಮಾಪಕರು ಒಪ್ಪಿಕೊಳ್ಳಬೇಕಾಯಿತು.

ಸಂಗೀತವು ಪಕ್ವವಾಗುವ ಕ್ರಮವನ್ನು ಬೇರೆಲ್ಲಿಯೂ ಹೋಗಿ ಕೇಳಬೇಕಾಗಿಲ್ಲ. ಧಾರವಾಡದ ನೆಲವೇ ಅದಕ್ಕೆ ಸಾಕ್ಷಿ. ಗಂಗೂಬಾಯಿ ಹಾನಗಲ್ಲರ ಕಂಠವು ಮೊದಲು ಎತ್ತರದ ಶ್ರುತಿಯಲ್ಲಿ ಹರಿಯುವ ಹೆಣ್ಣುಕಂಠವಾಗಿತ್ತು. ೧೯೩೦ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ಅದನ್ನು ಇಂದಿಗೂ ಕೇಳಬಹುದು. ಗಂಟಲಿನ ಚಿಕಿತ್ಸೆಯಾದ ಬಳಿಕ ಅದು ಗಡುಸಾಗಿ ತಗ್ಗಿತು. ಅವರು ಹಾಡನ್ನು ಬಿಡಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿಬಂದು ಸವಾಯಿ ಗಂಧರ್ವರಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ, ಆ ಗಡುಸು ಕಂಠವನ್ನೇ ತಮ್ಮ ಐಶ್ವರ್ಯವನ್ನಾಗಿ ಮಾಡಿಕೊಂಡರು. ಕಂಠ ಒಡೆದ ಆ ತಿಂಗಳುಗಳಲ್ಲಿ ಅವರನ್ನು ಒಂದು ವೇದಿಕೆಯ ಮೇಲೆ ನಿಲ್ಲಿಸಿ ಪ್ರೇಕ್ಷಕರ ಮತ ಕೇಳಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಭೀಮಸೇನ ಜೋಶಿಯವರು ೧೯೩೩ರಲ್ಲಿ, ಹನ್ನೊಂದು ವರ್ಷದ ಬಾಲಕನಾಗಿ, ಗುರುವನ್ನು ಅರಸಿ ಮನೆ ಬಿಟ್ಟರು. ಗ್ವಾಲಿಯರು ಜಲಂಧರಗಳನ್ನು ಸುತ್ತಿ ಬಂದು ಕಡೆಗೆ ಅದೇ ಕುಂದಗೋಳದ ಗುರುವಿನ ಬಳಿ ನಿಂತರು. ಮಲ್ಲಿಕಾರ್ಜುನ ಮನಸೂರರಂತೂ ಗಾಯಕರೆಂದು ಹೆಸರಾಗಿ, ಧ್ವನಿಮುದ್ರಿಕೆಗಳು ಹೊರಬಂದ ಮೇಲೆಯೂ ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಇವರಲ್ಲಿ ಯಾರೂ ವಾರಕ್ಕೊಮ್ಮೆ ಯೋಗ್ಯರೆನಿಸಿಕೊಳ್ಳಬೇಕಾಗಿರಲಿಲ್ಲ. ತಪ್ಪುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಅವರಿಗೆ ಕಾಲಾವಕಾಶವಿತ್ತು. ಅವರ ದೊಡ್ಡಸ್ತಿಕೆ ಬಂದದ್ದು ಆ ಕಾಲಾವಕಾಶದಿಂದ.

ಎರಡನೆಯ ವಾದ ಜನಮತದ್ದು. ಜನತೆಯ ತೀರ್ಪೆಂಬ ಮಾತು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಚುನಾವಣೆಯಲ್ಲಿ ಒಬ್ಬನಿಗೆ ಒಂದು ಮತ; ಇಂಥ ಸ್ಪರ್ಧೆಗಳಲ್ಲಿ ಒಬ್ಬನೇ ಹತ್ತಾರು ಮತ ಹಾಕಲು ಎಷ್ಟೋ ಬಾರಿ ಅವಕಾಶವಿರುತ್ತದೆ. ಚುನಾವಣೆಯಲ್ಲಿ ಎಣಿಕೆ ಎಲ್ಲರೆದುರು ನಡೆಯುತ್ತದೆ. ಇಲ್ಲಿ ವಾರವಾರದ ಎಣಿಕೆ ಸಾಮಾನ್ಯವಾಗಿ ಬೆಳಕಿಗೇ ಬರುವುದಿಲ್ಲ. ಮುಚ್ಚಿದ ಎಣಿಕೆಯಿಂದ ಏನಾಗಬಹುದೆಂಬುದಕ್ಕೆ ದಕ್ಷಿಣ ಕೊರಿಯದ ಉದಾಹರಣೆ ಸಾಕು. ೨೦೧೯ರ ಜುಲೈ ತಿಂಗಳಲ್ಲಿ 'ಪ್ರೊಡ್ಯೂಸ್ ಎಕ್ಸ್ ೧೦೧' ಎಂಬ ಸ್ಪರ್ಧೆಯ ಕೊನೆಯ ಫಲಿತಾಂಶ ಹೊರಬಿದ್ದಾಗ, ಬೇರೆ ಬೇರೆ ಸ್ಥಾನಗಳ ನಡುವಿನ ಮತಗಳ ಅಂತರವು ಪದೇ ಪದೇ ೨೯,೯೭೮ ಎಂದೇ ಬರುತ್ತಿದ್ದುದನ್ನು ಪ್ರೇಕ್ಷಕರು ಗಮನಿಸಿದರು. ವಿಚಾರಣೆ ನಡೆದು, ಮತಗಳನ್ನು ತಿದ್ದಿದ ಅಪರಾಧಕ್ಕಾಗಿ ಅದರ ಮುಖ್ಯ ನಿರ್ಮಾಪಕನಿಗೆ ೨೦೨೦ರಲ್ಲಿ ಎರಡು ವರ್ಷದ ಸೆರೆವಾಸ ವಿಧಿಸಲಾಯಿತು. ನಮ್ಮಲ್ಲಿ ಹಾಗೆ ನಡೆದಿದೆಯೆಂದು ಆರೋಪಿಸುವುದು ಇಲ್ಲಿಯ ಉದ್ದೇಶವಲ್ಲ. ನಡೆದಿಲ್ಲವೆಂದು ತೋರಿಸುವ ಭಾರ ಎಣಿಕೆಯನ್ನು ಮುಚ್ಚಿಡುವವರ ಮೇಲಿದೆ ಎಂಬುದಷ್ಟೇ ವಾದ.

ಎಣಿಕೆ ಪ್ರಾಮಾಣಿಕವಾದರೂ ಮತವು ಹಾಡಿಗೇ ಬೀಳುತ್ತದೆಂಬ ನಿಯಮವಿಲ್ಲ. ೨೦೦೭ರ 'ಇಂಡಿಯನ್ ಐಡಲ್'ನಲ್ಲಿ ಡಾರ್ಜಿಲಿಂಗಿನ ಪ್ರಶಾಂತ ತಮಾಂಗ್ ಎಂಬ, ಕೋಲ್ಕತ್ತಾ ಪೊಲೀಸ್ ದಳದ ಯುವಕನು ಗೆದ್ದನು. ಅವನಿಗಾಗಿ ಬೆಟ್ಟದ ಜನರು ಸಂಘಗಳನ್ನು ಕಟ್ಟಿ, ಹಣ ಕೂಡಿಸಿ, ಹಗಲಿರುಳೆನ್ನದೆ ಮತ ಕಳಿಸಿದರು. ಬಹುಕಾಲ ಅಲಕ್ಷ್ಯಕ್ಕೆ ಗುರಿಯಾದ ಒಂದು ಜನಾಂಗವು ದೇಶದ ಕಣ್ಣಿಗೆ ಬೀಳಲು ಹಂಬಲಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಗೆಲುವಿನ ಬಳಿಕ ರೇಡಿಯೋ ನಿರೂಪಕನೊಬ್ಬನ ಹಗುರ ಮಾತಿನಿಂದ ಕೆರಳಿ ಸಿಲಿಗುಡಿಯಲ್ಲಿ ಗಲಭೆಯೆದ್ದು ಕರ್ಫ್ಯೂ ವಿಧಿಸಬೇಕಾಯಿತು. ಆ ಸಂಘಟನೆಯ ಉತ್ಸಾಹವು ಮರುತಿಂಗಳೇ ಹುಟ್ಟಿದ ಗೂರ್ಖಾ ಜನಮುಕ್ತಿ ಮೋರ್ಚಾಕ್ಕೆ ಬಲವಾಯಿತು. ಇದೆಲ್ಲ ಒಂದು ನಾಡಿನ ರಾಜಕೀಯ ಚರಿತ್ರೆಯಲ್ಲಿ ಮಹತ್ವದ ಅಧ್ಯಾಯ. ಇದರಲ್ಲಿ ಸಂಗೀತದ ತೀರ್ಪು ಎಷ್ಟು? ನಮ್ಮ ನಾಡಿನಲ್ಲಿಯೂ "ನಮ್ಮ ಜಿಲ್ಲೆಯ ಹುಡುಗ", "ನಮ್ಮ ಜನದ ಹುಡುಗಿ" ಎಂಬ ಕೂಗು ಕೇಳದ ಸ್ಪರ್ಧೆಯಿಲ್ಲ. ಹಾಡಿಗೆ ಕಿವಿಗೊಡಬೇಕಾದವನು ಹೀಗೆ ಪಕ್ಷಕಟ್ಟಿ ನಿಂತಾಗ, ಚಿಕ್ಕ ಊರಿನಿಂದ, ಚಿಕ್ಕ ಸಮುದಾಯದಿಂದ ಬಂದವನು ಬಾಯಿ ತೆರೆಯುವ ಮೊದಲೇ ಸೋತಿರುತ್ತಾನೆ.

ಮೂರನೆಯ ವಾದದಲ್ಲಿ ಸತ್ಯಾಂಶವಿದೆ. ಅದನ್ನು ಒಪ್ಪದಿರುವುದು ಅನ್ಯಾಯ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತನು ೨೦೧೮-೧೯ರ ಕನ್ನಡ 'ಸರಿಗಮಪ' ಸ್ಪರ್ಧೆಯಲ್ಲಿ ಎರಡನೆಯವನಾಗಿ ನಿಂತಾಗ ನಾಡೆಲ್ಲ ಹಿಗ್ಗಿತು. ಸಂಗೀತ ಸಭೆಗಳ ಬಾಗಿಲು ತನಗೆ ತೆರೆಯಲಾರದೆಂದು ತಿಳಿದಿದ್ದ ಎಷ್ಟೋ ಹಳ್ಳಿಯ ಹುಡುಗರಿಗೆ ಅದರಿಂದ ಧೈರ್ಯ ಬಂದಿತು. ಸಭೆಗಳನ್ನು ನಡೆಸುವ ಸುಶಿಕ್ಷಿತರು ಮಾಡದಿದ್ದ ಕೆಲಸವನ್ನು ವ್ಯಾಪಾರಿಯು ಮಾಡಿದನೆಂಬುದು ನಿಜ. ಅದಕ್ಕಾಗಿ ನಾಚಬೇಕಾದವರು ಸುಶಿಕ್ಷಿತರೇ.

ಆದರೆ ಆ ಹುಡುಗನಿಗೆ ಉಪಕಾರ ಮಾಡಿದ್ದು ವೇದಿಕೆ; ಹೊರದೂಡುವ ಸುತ್ತಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಲ್ಲಿಯೇ ಮೋಸವಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬೇಕು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಅವರ ಬಳಿಕ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ತಾವು ದೇಹ ಬಿಡುವವರೆಗೂ ಬೆಳೆಸಿದ ಆ ಆಶ್ರಮಕ್ಕೆ ಕಣ್ಣಿಲ್ಲದ ಮಕ್ಕಳು, ದಿಕ್ಕಿಲ್ಲದ ಮಕ್ಕಳು ಬಂದರು. ಅವರಿಗೆ ಅಲ್ಲಿ ಅನ್ನ ದೊರೆಯಿತು, ವಿದ್ಯೆ ದೊರೆಯಿತು. ಹಾಡಲು ಬಾರದವನಿಗೆ ತಬಲವೋ ಹಾರ್ಮೋನಿಯಮೋ ದೊರೆಯಿತು. ಬಡವನ ಪ್ರತಿಭೆಗೆ ಆಶ್ರಯ ಕೊಡುವ ಮಾರ್ಗ ಈ ನಾಡಿಗೆ ಮೊದಲೇ ತಿಳಿದಿತ್ತು. ಒಬ್ಬನಿಗೆ ಎಡೆಕೊಡಬೇಕಾದರೆ ಇನ್ನೊಬ್ಬನನ್ನು ಎಲ್ಲರೆದುರು ಅಳಿಸಬೇಕೆಂಬ ನಿಯಮ ಅಲ್ಲಿರಲಿಲ್ಲ.

ಈ ವೇದಿಕೆಗಾಗಿ ಬಡವನು ತೆರುವ ಬೆಲೆಯನ್ನೂ ನೋಡಬೇಕು. ಅವನು ಹಾಡುವುದು ಸಾಲದು. ತನ್ನ ಮನೆಯ ಹಂಚಿನ ಮಾಡನ್ನೂ, ತಂದೆಯ ಕಾಯಿಲೆಯನ್ನೂ, ತಾಯಿ ಒತ್ತೆಯಿಟ್ಟ ಒಡವೆಯನ್ನೂ ತೋರಿಸಬೇಕು. ಸೋಲುವ ಸಂಭವ ಹೆಚ್ಚಿದಂತೆಲ್ಲ ಈ ಚಿತ್ರಗಳು ಹೆಚ್ಚು ಹೆಚ್ಚು ಬರುತ್ತವೆ. ಬಡತನವೇ ಮತಯಾಚನೆಯ ಸಾಧನವಾದಾಗ, ಅವನು ಗೆದ್ದರೆ "ಕನಿಕರದಿಂದ ಗೆದ್ದ" ಎಂಬ ಮಾತು, ಸೋತರೆ ಮನೆಯ ಮಾನ ಬೀದಿಗೆ ಬಂದ ನೋವು. ಉಳ್ಳವರ ಮಗನಿಗೆ ಈ ಎರಡರ ಕಾಟವೂ ಇಲ್ಲ.

ಮಕ್ಕಳ ಸ್ಪರ್ಧೆಗಳ ವಿಷಯವು ಇದೆಲ್ಲಕ್ಕಿಂತ ಗಂಭೀರವಾದುದು. ಎಂಟು ಹತ್ತು ವರ್ಷದ ಕೂಸುಗಳನ್ನು ದೀಪಗಳ ಕೆಳಗೆ ನಿಲ್ಲಿಸಿ "ನೀನು ಉಳಿದೆ, ನೀನು ಹೊರಟೆ" ಎಂದು ಹೇಳುವ ಅಧಿಕಾರವನ್ನು ಯಾವ ಧರ್ಮಶಾಸ್ತ್ರವೂ ಯಾರಿಗೂ ಕೊಟ್ಟಿಲ್ಲ. ಕಾನೂನು ಸ್ವಲ್ಪ ಎಚ್ಚರ ತೋರಿದೆ. ಬಾಲಕಾರ್ಮಿಕ ನಿಷೇಧ ಕಾಯಿದೆಗೆ ೨೦೧೭ರಲ್ಲಿ ಸೇರಿಸಿದ ನಿಯಮಗಳಂತೆ, ಕಲಾವಿದನಾಗಿ ದುಡಿಯುವ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚಾಗಿಯೂ, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚಾಗಿಯೂ ದುಡಿಸಕೂಡದು. ಅದರ ಸಂಪಾದನೆಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನಾದರೂ ಅದರ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಗಂಟೆಗಳನ್ನು ಎಣಿಸುವ ಕಾನೂನು ಕಣ್ಣೀರನ್ನು ಎಣಿಸಲಾರದು. ಮೇಲಾಗಿ, ಹುಡುಗನ ಕಂಠವು ಹನ್ನೆರಡರಿಂದ ಹದಿನೈದು ವರ್ಷಗಳ ನಡುವೆ ಒಡೆದು ಬದಲಾಗುವುದು ಪ್ರಕೃತಿಯ ನಿಯಮ. ಹತ್ತನೆಯ ವರ್ಷದಲ್ಲಿ ನಾಡಿನ ಮುದ್ದಿನ ಗಾಯಕನೆನಿಸಿದವನು ಹದಿನಾಲ್ಕರಲ್ಲಿ ತನ್ನ ಕೊರಳನ್ನೇ ತಾನು ಗುರುತಿಸಲಾರನು. ಆಗ ಅವನ ಪಕ್ಕದಲ್ಲಿ ಗುರು ಇದ್ದರೆ "ತಾಳು, ಇದು ಕಳೆಯುತ್ತದೆ" ಎಂದು ಹೇಳಿಯಾನು. ವಾಹಿನಿಯು ಆ ವೇಳೆಗೆ ಬೇರೆ ಮಕ್ಕಳ ಮೆರವಣಿಗೆಯಲ್ಲಿ ತೊಡಗಿರುತ್ತದೆ.

"ಸೋಲನ್ನು ಸಹಿಸುವುದನ್ನು ಮಕ್ಕಳು ಕಲಿಯಬೇಕಲ್ಲವೆ?" ಎಂದು ಕೆಲವು ತಂದೆತಾಯಂದಿರೇ ಕೇಳುತ್ತಾರೆ. ಕಲಿಯಬೇಕು, ನಿಜ. ಆದರೆ ಸೋಲು ಪಾಠವಾಗಬೇಕಾದರೆ ಸೋತದ್ದಕ್ಕೆ ಕಾರಣ ತಿಳಿಯಬೇಕು. ಗಣಿತದಲ್ಲಿ ತಪ್ಪಿದ ಹುಡುಗನಿಗೆ ಉಪಾಧ್ಯಾಯರು ತಪ್ಪಿದ ಲೆಕ್ಕವನ್ನು ತೋರಿಸುತ್ತಾರೆ. ಅವನನ್ನು ಊರ ನಡುವೆ ನಿಲ್ಲಿಸಿ ಡೋಲು ಬಾರಿಸುವುದಿಲ್ಲ. ಇಲ್ಲಿ ಹೊರಬಿದ್ದವನಿಗೆ ದೊರೆಯುವ ಕಾರಣ "ಮತ ಕಡಿಮೆ ಬಿದ್ದವು" ಎಂಬುದೊಂದೇ. ಅದರಿಂದ ಅವನು ಯಾವ ಸ್ವರವನ್ನು ತಿದ್ದಿಕೊಳ್ಳಬೇಕು?

ತೀರ್ಪುಗಾರರ ಹೊಣೆ ಇಲ್ಲಿ ದೊಡ್ಡದು. ಬಾಲಸುಬ್ರಹ್ಮಣ್ಯಂ ಅವರು ಈಟಿವಿ ಕನ್ನಡದಲ್ಲಿ ನಡೆಸಿಕೊಟ್ಟ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮವನ್ನು ಕಂಡವರಿಗೆ ಇದರ ಅರ್ಥ ಬೇಗ ಆಗುತ್ತದೆ. ಅಲ್ಲಿಯೂ ಸ್ಪರ್ಧೆಯಿತ್ತು, ಸೋಲಿತ್ತು. ಆದರೆ ಹಾಡು ಮುಗಿದೊಡನೆ ಅವರು ಆ ಗೀತೆಯ ಕವಿಯನ್ನೂ ಸ್ವರಸಂಯೋಜಕನನ್ನೂ ನೆನೆಯುತ್ತಿದ್ದರು. ಉಚ್ಚಾರ ತಪ್ಪಿದ್ದರೆ ತಾವೇ ಹಾಡಿ ತೋರಿಸುತ್ತಿದ್ದರು. ಗದರಿದರೂ ಅದು ಮನೆಯ ಹಿರಿಯರ ಗದರಿಕೆಯಾಗಿರುತ್ತಿತ್ತು. ಕೇಳುವವರಿಗೂ ಅದರಿಂದ ವಿದ್ಯೆ ಬಂದಿತು. ಮನುಷ್ಯನ ಸೌಜನ್ಯವು ಯಂತ್ರದ ಕ್ರೌರ್ಯವನ್ನು ಎಷ್ಟರ ಮಟ್ಟಿಗೆ ತಡೆಯಬಹುದೆಂಬುದನ್ನು ಅದು ತೋರಿಸಿತು. ಇಂದು ಪೀಠದಲ್ಲಿ ಕೂರುವವರಲ್ಲಿಯೂ ಒಂದು ಕಾಲಕ್ಕೆ ವೇದಿಕೆಯ ಮೇಲೆ ನಡುಗುತ್ತ ನಿಂತಿದ್ದವರುಂಟು. ಮೈಸೂರಿನ ವಿಜಯ ಪ್ರಕಾಶರು ಹಿಂದಿಯ 'ಸರಿಗಮ'ದಲ್ಲಿ ತಾವೇ ಸ್ಪರ್ಧಿಯಾಗಿದ್ದವರು. ಇಂಥವರು ಒಟ್ಟಾಗಿ ಒಂದು ಮಾತು ಹೇಳಿದರೆ ವಾಹಿನಿಗಳು ಕೇಳದಿರಲಾರವು.

ಹೇಳಬೇಕಾದ ಮಾತು ಬಹಳ ದೊಡ್ಡದೇನೂ ಅಲ್ಲ. ಮುಖ್ಯ ಸುತ್ತಿಗೆ ಆಯ್ಕೆಯಾದ ಗಾಯಕರೆಲ್ಲರೂ ಕೊನೆಯ ವಾರದವರೆಗೂ ಹಾಡಲಿ; ವಾರವಾರದ ಅಂಕಗಳನ್ನು ಕೂಡಿಸಿ ಕಡೆಗೆ ಪ್ರಶಸ್ತಿ ಕೊಡಲಿ. ತೀರ್ಪುಗಾರರು ಅಂಕದೊಡನೆ ಕಾರಣವನ್ನೂ ಹೇಳಲಿ. ಪ್ರೇಕ್ಷಕರ ಮತ ಬೇಕಾದರೆ ಒಬ್ಬನಿಗೆ ಒಂದೇ ಮತವಿರಲಿ. ಎಣಿಕೆಯನ್ನು ಪ್ರತಿ ವಾರವೂ ಪ್ರಕಟಿಸಲಿ. ಧ್ವನಿಯನ್ನು ಯಂತ್ರದಿಂದ ತಿದ್ದಿದ್ದರೆ ಹಾಗೆಂದು ತಿಳಿಸಲಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಕಾರ್ಯಕ್ರಮಗಳಲ್ಲಿ ಹೊರಹಾಕುವ ಸುತ್ತೇ ಇರಕೂಡದು. ಅವರಿಗೆ ಹಾಡುವ ಸಂತೋಷವೂ ಕಲಿಯುವ ಅವಕಾಶವೂ ಸಾಕು.

"ಹೊರಹಾಕುವುದಿಲ್ಲವೆಂದರೆ ಯಾರು ನೋಡುತ್ತಾರೆ?" ಎಂದು ವಾಹಿನಿಯವರು ಕೇಳುವರು. ಈ ಪ್ರಶ್ನೆಯನ್ನು ಕೇಳಿದ ಕ್ಷಣವೇ ಅವರು ತಮ್ಮ ಸರಕು ಹಾಡಲ್ಲವೆಂದು ಒಪ್ಪಿದಂತಾಯಿತು. ಅದಂತಿರಲಿ, ವ್ಯಾಪಾರದ ದೃಷ್ಟಿಯಿಂದಲೂ ಆ ಭಯ ನಿರಾಧಾರವಾದುದು. ಕ್ರಿಕೆಟ್ ಲೀಗುಗಳಲ್ಲಿ ಸೋತ ತಂಡವು ನಾಲ್ಕು ದಿನದ ಬಳಿಕ ಮತ್ತೆ ಮೈದಾನಕ್ಕೆ ಇಳಿಯುತ್ತದೆ. ಅದರಿಂದ ಪ್ರೇಕ್ಷಕರ ಉತ್ಸಾಹ ಕುಂದಿದ್ದುಂಟೆ? ಬಿದ್ದವನು ಎದ್ದು ಬರುವುದನ್ನು ನೋಡುವ ಆಸೆಯೂ ಮನುಷ್ಯನಲ್ಲಿದೆ. ಹಿಂದಿನ ವಾರ ಶ್ರುತಿ ಬಿಟ್ಟ ಹುಡುಗಿ ಈ ವಾರ ಅದೇ ಸ್ಥಾಯಿಯಲ್ಲಿ ನಿಂತು ಹಾಡಿದಳೆಂದರೆ, ಅದರಲ್ಲಿರುವ ಕಥಾರಸಕ್ಕೆ ಕೊರತೆಯೇನು?

ವಾಹಿನಿಗಳನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ದೀಪ ತಗ್ಗಿದಾಗ ನಿಶ್ಶಬ್ದವಾಗುವ ನಡುಮನೆ ಯಾರದು? ಹಾಡಿಗೆ ಎದ್ದುಹೋಗಿ ತೀರ್ಪಿಗೆ ಓಡಿಬರುವ ಕಾಲುಗಳು ಯಾರವು? ಸುಶಿಕ್ಷಿತ ಕುಟುಂಬಗಳು ಇದನ್ನು ತಮ್ಮಲ್ಲಿಯೇ ವಿಚಾರಿಸಿಕೊಳ್ಳಬೇಕು. ಹಾಡು ಮುಗಿದೊಡನೆ ಪೆಟ್ಟಿಗೆಯನ್ನು ಆರಿಸಿ, ಕೇಳಿದ ಹಾಡಿನ ಮಾತನ್ನು ಮಕ್ಕಳೊಡನೆ ಹತ್ತು ನಿಮಿಷ ಆಡುವುದು ಯಾವ ಮನೆಗೂ ಅಸಾಧ್ಯವಲ್ಲ. ಜಿಲ್ಲೆಯ ಸಂಘಗಳಿಗೂ ಒಂದು ಕರ್ತವ್ಯವಿದೆ. ಗೆದ್ದು ಬಂದವನಿಗೆ ಹಾರ ಹಾಕಲು ಊರೆಲ್ಲ ನೆರೆಯುತ್ತದೆ. ನಾಲ್ಕನೆಯ ವಾರದಲ್ಲಿ ಮರಳಿದ ಹುಡುಗಿಯ ಮನೆಗೆ ಹೋಗಿ, "ಬರುವ ತಿಂಗಳು ನಮ್ಮ ಸಂಘದಲ್ಲಿ ಒಂದು ಗಂಟೆ ಹಾಡಬೇಕು, ತಾಯಿ" ಎಂದು ಕರೆಯುವವರು ಬೇಕಾಗಿದ್ದಾರೆ. ಎರಡು ನಿಮಿಷದಲ್ಲಿ ಅಳೆದು ಬಿಟ್ಟ ಕಂಠಕ್ಕೆ ಒಂದು ಗಂಟೆಯ ಕಾಲವೂ ನೂರು ಜನರ ಕಿವಿಯೂ ದೊರೆತರೆ, ಅವಳು ತಂಬೂರಿಯನ್ನು ಅಟ್ಟಕ್ಕೇರಿಸುವುದು ತಪ್ಪೀತು.

ಮೇಲೆ ಹೇಳಿದ ಕಾರ್ಯಕ್ರಮದ ಹೆಸರು ಜಿ. ಎಸ್. ಶಿವರುದ್ರಪ್ಪನವರ ಪ್ರಸಿದ್ಧ ಗೀತೆಯೊಂದನ್ನು ನೆನಪಿಗೆ ತರುತ್ತದೆ. ಆ ಗೀತೆಯ ಗಾಯಕನು ಪದವಿ ಪದಕಗಳನ್ನು ಬಯಸುವವನಲ್ಲ. ಎದುರಿಗೆ ಆಲಿಸುವ ಶ್ರೋತೃಗಳಿದ್ದರೆ ಅವನಿಗೆ ತೃಪ್ತಿ. ಸ್ಪರ್ಧೆಗೆ ಆ ಗೀತೆಯಿಂದ ಹೆಸರನ್ನು ಪಡೆದುಕೊಂಡ ಕನ್ನಡಿಗರು ಅದರ ಭಾವವನ್ನೂ ಪಡೆದುಕೊಳ್ಳಬಾರದೆ?